ಹಳೆ ಫ್ಲಾಪಿ, ಸಿಡಿ ಎಸೆಯಬೇಡಿ

ಗೆಳೆಯರೇ, ಈ ಭಾನುವಾರ ಬೆಳಿಗ್ಗೆ 10ಕ್ಕೆ ಸರಸ್ವತಿಪುರಂನ ನಮ್ಮ ಮನೆಗೆ ಬನ್ನಿ. ಹಳೆ ಫ್ಲಾಪಿ, ಸಿಡಿ ತನ್ನಿ, ಅವುಗಳಲ್ಲಿರುವ ಹಳೆ ಸಾಫ್ಟ್‌ವೇರ್‌ಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳೋಣ. ಬೂಷ್ಟು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ಹಾಕಬೇಡಿ, ಡ್ರೈವಿನಲ್ಲಿ ಫ್ಲಾಪಿ ಓದುವ ಹೆಡ್ ಹಾಳಾಗುತ್ತೆ. ಹಾಗೇ ತನ್ನಿ.

ಆ ಸಾಫ್ಟ್‌ವೇರ್‌ಗಳು ಸುಮ್ನೆ ಬಂದವಲ್ಲ, ಅಲ್ವಾ? ಫೋನ್ ಲೈನಿನಲ್ಲೇ ಇಂಟರ್ನೆಟ್ ಕೊಡುತ್ತಿದ್ದ 56ಕೆ ಮೋಡೆಮ್‌ನಲ್ಲಿ ಸೆಕೆಂಡಿಗೆ 5 ಕೆಬಿ ಬಂದರೆ ಅದೇ ಜಾಸ್ತಿ. 10 ಎಂಬಿ ಇಳಿಯಲು ಅರ್ಧ ಗಂಟೆ ದಾಟುತ್ತಿತ್ತು. ಅಷ್ಟರಲ್ಲಿ ಒಳಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಲೈನ್ ಕಟ್, ಮತ್ತೆ ಮೊದಲಿಂದ. ಶೇರ್‌ವೇರ್, ಅಂದ್ರೆ ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡುವ ಸಾಫ್ಟ್‌ವೇರ್, 30 ದಿನ ಓಡಿ, ದುಡ್ಡು ಕೊಟ್ಟವರಿಗೆ ಸಿಗುವ ಕೀ ಕೇಳುತ್ತಿತ್ತು. ಡಾಲರ್ ಕಟ್ಟಲು ನಮ್ಮ ಹತ್ತಿರ ಕಾರ್ಡ್ ಎಲ್ಲಿತ್ತು?

1998ರಲ್ಲಿ ಬಂದ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ‘ಬರಹ’ದ ಹಳೆ ಆವೃತ್ತಿ ಯಾರಲ್ಲಿದ್ದರೂ ಮೊದಲು ಅದನ್ನೇ ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.