ಫ್ರೀಜರ್ ಕೈಕೊಟ್ಟಿದೆ, ತಿಂಗಳ ಕೊನೆಯೊಳಗೆ ಹೊಸದು ಬೇಕು

ಪ್ರೀತಿಯ ದಾನಿಗಳೇ,

ಕಳೆದ ಶನಿವಾರ ರಾತ್ರಿ ನಮ್ಮ ಲ್ಯಾಬಿನ ಮೈನಸ್ 80 ಡಿಗ್ರಿ ಫ್ರೀಜರ್ ನಿಂತುಹೋಯಿತು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಬಾಗಿಲ ಸಂದಿಯಿಂದ ನೀರು ಇಳಿಯುತ್ತಿತ್ತು. ಅಲಾರಂ ಕೂಗಿರಬೇಕು, ಕೇಳಲು ಯಾರೂ ಇರಲಿಲ್ಲ. ತಪ್ಪು ನಮ್ಮದೇ. ಹಳೇ ಯಂತ್ರ, ಇನ್ನೊಂದು ವರ್ಷ ಓಡುತ್ತೆ ಅಂತ ತಳ್ಳಿಕೊಂಡು ಬಂದೆವು.

ಒಳಗಿದ್ದದ್ದು ಮೂತ್ರಕೋಶದ ಕ್ಯಾನ್ಸರ್ ರೋಗಿಗಳು ಕೊಟ್ಟ ಗೆಡ್ಡೆಯ ಚೂರುಗಳು. ಕೆಲವರ ಹೆಸರಿನಲ್ಲಿ ಮೂರು ನಾಲ್ಕು ಟ್ಯೂಬ್ ಇದ್ದವು. ಯಾಕೆ ಅಂತ ನಿಮಗೆ ಗೊತ್ತು. ಈ ಕಾಯಿಲೆ ಕೆರೆದು ತೆಗೆದರೂ ಬಹಳ ಸಲ ಮತ್ತೆ ಬರುತ್ತದೆ. ಮೊದಮೊದಲು ಮೂರು ತಿಂಗಳಿಗೊಮ್ಮೆ ಸಿಸ್ಟೊಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ಮೂತ್ರಕೋಶದೊಳಗೆ ಕ್ಯಾಮೆರಾ. ನಮ್ಮ ಹಿರಿಯ ಸದಸ್ಯರೊಬ್ಬರು ಅದಕ್ಕೆ 'ಹಾಜರಾತಿ' ಅನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಆದರೆ ಹಿಂದಿನ ರಾತ್ರಿ ನಿದ್ದೆ ಬರಲ್ಲ ಅಂತ ಅವರ ಹೆಂಡತಿ ಹೇಳಿದ್ದಾರೆ.

ಆ ಚೂರುಗಳಲ್ಲಿ ನಾವು ಹುಡುಕುತ್ತಿರುವುದು ಜೀವಕೋಶದ ಒತ್ತಡವನ್ನು. ಮನಸ್ಸಿನ ಒತ್ತಡ ಅಲ್ಲ, ಪ್ರತಿ ಸಭೆಯಲ್ಲೂ ಯಾರಾದರೂ ಇದನ್ನು ಕೇಳುತ್ತಾರೆ! ಬೆಳೆಯುವ ಗೆಡ್ಡೆಯೊಳಗೆ ಆಮ್ಲಜನಕ ಸಾಲದು, ಆಹಾರ ಸಾಲದು. ಅವಸರದಲ್ಲಿ ತಯಾರಾದ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳದೆ ರಾಶಿ ಬೀಳುತ್ತವೆ. ಇಂಥ ಹೊತ್ತಿಗೆ ಅಂತಲೇ ಪ್ರತಿ ಜೀವಕೋಶದಲ್ಲೂ ಎಚ್ಚರಿಕೆಯ ಏರ್ಪಾಡು ಇದೆ. 1962ರಲ್ಲಿ ಇಟಲಿಯ ಫೆರುಚಿಯೊ ರಿಟೊಸ್ಸಾ ಹಣ್ಣಿನ ನೊಣದಲ್ಲಿ ಇದರ ಮೊದಲ ಸುಳಿವು ಕಂಡರು. ಬಿಸಿ ಹೆಚ್ಚಾದಾಗ ಅದರ ಕ್ರೋಮೋಸೋಮಿನ ಕೆಲವು ಜಾಗ ಉಬ್ಬಿಕೊಂಡವು. ಅದೇ ದಾರಿಯಲ್ಲಿ ಮುಂದೆ ಸಿಕ್ಕಿದ್ದು ಹೀಟ್ ಶಾಕ್ ಪ್ರೋಟೀನ್‌ಗಳು, ತಪ್ಪಾಗಿ ಮಡಚಿಕೊಂಡ ಪ್ರೋಟೀನ್‌ಗಳನ್ನು ಸರಿಪಡಿಸುವ ಕೆಲಸಗಾರರು.

ಎಚ್ಚರಿಕೆ ಬಂದರೆ ಆರೋಗ್ಯವಂತ ಕೋಶ ಹೊಸ ಪ್ರೋಟೀನ್ ತಯಾರಿ ಕಡಿಮೆ ಮಾಡುತ್ತದೆ, ಕಸ ತೆಗೆಯುತ್ತದೆ. ಆಗದಿದ್ದರೆ ತಾನೇ ಸಾಯುತ್ತದೆ. ಕ್ಯಾನ್ಸರ್ ಕೋಶ ಇಲ್ಲೇ ಮೋಸ ಮಾಡುವುದು. ಎಚ್ಚರಿಕೆಯ ಲಾಭ ಎಲ್ಲಾ ಪಡೆಯುತ್ತದೆ, ಸಾಯುವ ಭಾಗವನ್ನು ಮಾತ್ರ ತಪ್ಪಿಸಿಕೊಳ್ಳುತ್ತದೆ. ತನ್ನದೇ ಹಳೇ ಭಾಗಗಳನ್ನು ತಿಂದು ಬದುಕುತ್ತದೆ. ಆಮ್ಲಜನಕ ಕಡಿಮೆಯಾದರೆ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಎನ್‌ಆರ್‌ಎಫ್2 ಎಂಬ ಸ್ವಿಚ್ ಒತ್ತಿ ವಿಷ ತೊಳೆಯುವ ಕೆಲಸ ಜೋರು ಮಾಡುತ್ತದೆ. ಆಗ ಸಿಸ್ಪ್ಲಾಟಿನ್‌ನಂಥ ಕೀಮೋ ಔಷಧಿಯೂ ಸರಿಯಾಗಿ ಹಿಡಿಯುವುದಿಲ್ಲ. ಆದರೆ ಇದೇ ಕೋಶಕ್ಕೆ ಒತ್ತಡ ಇನ್ನೂ ಜಾಸ್ತಿ ಮಾಡಿದರೆ ತಡೆಯಲಾರದೆ ಸಾಯಲೂಬಹುದು. ಯಾವ ರೋಗಿಯ ಗೆಡ್ಡೆ ಯಾವ ಸ್ವಿಚ್ ನೆಚ್ಚಿಕೊಂಡಿದೆ ಎಂದು ಗೊತ್ತಾಗಬೇಕು, ಅಷ್ಟೇ. ಅಷ್ಟೇ ಅನ್ನುವುದು ಸುಲಭ, ಅಲ್ವಾ.

ಇದಕ್ಕೇ ಫ್ರೀಜರ್ ಬೇಕಾದದ್ದು. ದೇಹದಿಂದ ಹೊರಬಂದ ನಿಮಿಷಗಳಲ್ಲೇ ಚೂರಿನ ಒತ್ತಡದ ಗುರುತುಗಳು ಬದಲಾಗತೊಡಗುತ್ತವೆ. ತಕ್ಷಣ ಹೆಪ್ಪುಗಟ್ಟಿಸಬೇಕು, ಹಾಗೇ ಇಡಬೇಕು. ಒಮ್ಮೆ ಕರಗಿದರೆ ಒಳಗಿನ ಆರ್‌ಎನ್‌ಎ, ಅಂದರೆ ಯಾವ ಜೀನ್ ಕೆಲಸ ಮಾಡುತ್ತಿತ್ತು ಅಂತ ತಿಳಿಸುವ ಅಣು, ಮುರಿದುಹೋಗುತ್ತದೆ. ಆ ಮೇಲೆ ಅದು ಹೇಳುವ ಕತೆಯನ್ನು ನಂಬುವ ಹಾಗಿಲ್ಲ.

ನಮ್ಮ ಟ್ರಸ್ಟ್ ಒಂದು ಬಾಡಿಗೆ ಕೋಣೆ, ಒಂದು ಮೈಕ್ರೋಸ್ಕೋಪಿನಿಂದ ಶುರುವಾದದ್ದು ನಿಮಗೆ ನೆನಪಿದೆ. ಇಲ್ಲಿ ಕಲಿತ ಹುಡುಗ ಹುಡುಗಿಯರು ಈಗ ದೊಡ್ಡ ದೊಡ್ಡ ಲ್ಯಾಬುಗಳಲ್ಲಿದ್ದಾರೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೂ ತಡಮಾಡದೆ ತೋರಿಸಿ ಅಂತ ನಾವು ಹಂಚಿದ ಚೀಟಿ ಹಿಡಿದು ವೈದ್ಯರ ಬಳಿ ಹೋದವರಿದ್ದಾರೆ. ಬೀಡಿ ಸಿಗರೇಟು ಬಿಟ್ಟವರಿದ್ದಾರೆ, ಈ ಕಾಯಿಲೆಗೆ ಅದೇ ದೊಡ್ಡ ಕಾರಣ. ಹೇಳಿಕೊಳ್ಳುವುದು ಸಾಕು ಅಂತ ಖಜಾಂಚಿ ಗದರುತ್ತಿದ್ದಾರೆ. ಆದರೂ ಒಂದು ಮಾತು. 1982ರಲ್ಲಿ ಮನುಷ್ಯರ ಕ್ಯಾನ್ಸರ್‌ಗೆ ಕಾರಣವಾಗುವ ಜೀನಿನಲ್ಲಿ ಒಂದೇ ಅಕ್ಷರದ ತಪ್ಪು ಮೊದಲ ಬಾರಿ ಸಿಕ್ಕಿದ್ದು ಮೂತ್ರಕೋಶದ ಗೆಡ್ಡೆಯಿಂದ ಬೆಳೆಸಿದ ಕೋಶಗಳಲ್ಲೇ. ಎಂದೋ ಒಬ್ಬ ರೋಗಿಯಿಂದ ಬಂದ ಚೂರು ಅದು.

ಈಗ ಕೇಳಬೇಕಾದದ್ದು. ಹೊಸ ಫ್ರೀಜರ್, ಫೋನಿಗೆ ಕರೆ ಮಾಡುವ ಅಲಾರಂ, ಕರೆಂಟ್ ಹೋದರೆ ಓಡುವ ಬ್ಯಾಟರಿ. ಎಲ್ಲಾ ಸೇರಿ ನಮ್ಮ ಒಂದು ವರ್ಷದ ಖರ್ಚಿನ ಅರ್ಧದಷ್ಟಾಗುತ್ತದೆ. ಮೂರರಲ್ಲಿ ಒಂದು ಪಾಲು ಟ್ರಸ್ಟಿಗಳೇ ಹಾಕಿದ್ದೇವೆ. ಉಳಿದ ಎರಡು ಪಾಲಿಗೆ ನಿಮ್ಮ ಕಡೆ ನೋಡುತ್ತಿದ್ದೇವೆ. ಎಷ್ಟಾದರೂ ಸರಿ, ಕಂತಿನಲ್ಲಿ ಕೊಟ್ಟರೂ ಸರಿ. ಖಾತೆಯ ವಿವರ ನಿಮ್ಮ ಹಳೇ ರಸೀದಿಯಲ್ಲೇ ಇದೆ, ಬದಲಾಗಿಲ್ಲ.

ಪಕ್ಕದ ಲ್ಯಾಬಿನವರು ಒಂದು ಕಪಾಟಿನಷ್ಟು ಜಾಗ ತಿಂಗಳ ಕೊನೆಯವರೆಗೆ ಬಿಟ್ಟುಕೊಟ್ಟಿದ್ದಾರೆ. ಚೂರು ಹಾಳಾದ ಸುದ್ದಿಯನ್ನು ರೋಗಿಗಳಿಗೆ ನಾವೇ ಫೋನ್ ಮಾಡಿ ತಿಳಿಸಿದೆವು. ಹೇಗೆ ಹೇಳುವುದು ಅಂತ ಹೆದರಿದ್ದೆವು. 'ಹಾಜರಾತಿ'ಯ ಹಿರಿಯರು, ಮುಂದಿನ ಸಲ ಏನಾದರೂ ಸಿಕ್ಕಿದರೆ ಇನ್ನೊಂದು ಚೂರು ಕೊಡುತ್ತೇನೆ, ಇಡಲು ಜಾಗ ಮಾಡಿಕೊಳ್ಳಿ ಅಂದರು.

ಟ್ರಸ್ಟಿಗಳ ಪರವಾಗಿ,
ಕಾರ್ಯದರ್ಶಿ