ಷೆಂಗೆನ್ ವೀಸಾ: ಸ್ಟಿಕ್ಕರ್ ಓದಿ, ಕಡತ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳ ತುಂಬ ಯುರೋಪ್ ಪ್ಯಾಕೇಜ್‌ಗಳ ಜಾಹೀರಾತು. ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ರೋಮ್ ಸೇರಿ ತಲೆಗೆ ಇಷ್ಟು ಲಕ್ಷ ಎಂದು ದೊಡ್ಡಕ್ಷರದಲ್ಲಿ, ‘ವೀಸಾ ಪ್ರತ್ಯೇಕ’ ಎಂದು ಸಣ್ಣಕ್ಷರದಲ್ಲಿ. ಅದೇ ಷೆಂಗೆನ್ ವೀಸಾ: ತಮ್ಮ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪಿಗೆಲ್ಲ ಒಂದೇ ವೀಸಾ. ಅರ್ಜಿ ತಿರಸ್ಕೃತವಾಗಿ ಪೇಚಾಡುವವರು ಒಂದು ಕಡೆಯಾದರೆ, ಸಿಕ್ಕ ವೀಸಾವನ್ನು ತಪ್ಪಾಗಿ ಓದಿಕೊಂಡು ಗಡಿಯಲ್ಲಿ ಸಿಕ್ಕಿಬೀಳುವವರು ಇನ್ನೊಂದು ಕಡೆ. ಪ್ರವಾಸ ದಾಖಲೆ ಸಿದ್ಧಪಡಿಸುವ ಕೆಲಸದಲ್ಲಿರುವುದರಿಂದ ಈ ಬಗ್ಗೆ ಓದುಗರಿಗೆ ಕೆಲವು ವಿಷಯ ತಿಳಿಸಬಯಸುತ್ತೇನೆ.

ಎರಡನೆಯದರಿಂದಲೇ ಶುರು ಮಾಡುತ್ತೇನೆ. ವೀಸಾ ಕೈಗೆ ಬಂದ ಮೇಲೆ ಅದನ್ನು ಓದುವವರು ಕಡಿಮೆ. ಪಾಸ್‌ಪೋರ್ಟ್‌ಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಎರಡು ದಿನಾಂಕ, ಅವುಗಳ ಜತೆ ‘ವಾಸದ ಅವಧಿ’ ಮತ್ತು ‘ಪ್ರವೇಶಗಳ ಸಂಖ್ಯೆ’ ಎಂಬ ಎರಡು ಅಂಕಿ ಇರುತ್ತವೆ. ಮೇ 10ರಿಂದ ಜೂನ್ 3ರವರೆಗೆ ಎಂದು ದಿನಾಂಕವಿದ್ದು, ವಾಸದ ಅವಧಿ 10 ದಿನ ಎಂದಿದ್ದರೆ ನಿಮಗೆ ಸಿಕ್ಕಿರುವುದು 10 ದಿನ ಮಾತ್ರ, 25 ಅಲ್ಲ. ವಿಮಾನ ರದ್ದಾದರೆ, ಪ್ರಯಾಣ ಮುಂದಕ್ಕೆ ಹೋದರೆ ತೊಂದರೆಯಾಗದಿರಲೆಂದು ಹೆಚ್ಚುವರಿ 15 ದಿನದ ಅವಕಾಶವನ್ನು ವೀಸಾ ಕೊಡುವ ದೂತಾವಾಸದವರೇ ಸೇರಿಸಿರುತ್ತಾರೆ. ಆ 25ರೊಳಗೆ ಯಾವ 10 ದಿನವಾದರೂ ಸರಿ, ಹನ್ನೊಂದನೆಯ ದಿನ ಅಲ್ಲಿರುವಂತಿಲ್ಲ. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ರಾತ್ರಿ 11.40ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಗಡಿ ದಾಟಿದರೂ ಒಂದು ದಿನ ಮುಗಿಯಿತೆಂದೇ ಅರ್ಥ.

ಪ್ರವೇಶಗಳ ಸಂಖ್ಯೆ ‘01’ ಎಂದಿದ್ದರೆ ಒಮ್ಮೆ ಹೊರಬಿದ್ದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಪ್ಯಾರಿಸ್‌ನಿಂದ ಎರಡು ದಿನ ಲಂಡನ್‌ಗೆ ಹೋಗಿ ರೈಲಿನಲ್ಲಿ ವಾಪಸಾಗುವ ಯೋಜನೆ ಕೆಡುವುದು ಇಲ್ಲೇ. ಫ್ರಾನ್ಸ್‌ನ ಗಡಿ ತಪಾಸಣೆ ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲೇ ಆಗುತ್ತದೆ, ರೈಲು ಹತ್ತುವುದಕ್ಕೂ ಬಿಡುವುದಿಲ್ಲ. ಬ್ರಿಟನ್ ಷೆಂಗೆನ್‌ಗೆ ಸೇರಿಲ್ಲ, ಅದರ ವೀಸಾ ಬೇರೆಯೇ. ಐರ್ಲೆಂಡ್ ಯುರೋಪ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿಲ್ಲ. ಸ್ವಿಟ್ಜರ್‌ಲೆಂಡ್ ಒಕ್ಕೂಟದಲ್ಲಿಲ್ಲ, ಷೆಂಗೆನ್‌ನಲ್ಲಿದೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿದ ಮೇಲೆ ಈಗ ಒಟ್ಟು 29 ದೇಶಗಳು.

ಮಕ್ಕಳ ಮನೆಗೆ, ಬಾಣಂತನಕ್ಕೆಂದು ಜರ್ಮನಿಯ ಮ್ಯೂನಿಕ್‌ಗೋ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೋ ಹೋಗುವ ಅಪ್ಪ–ಅಮ್ಮಂದಿರು ಬೇರೊಂದು ಲೆಕ್ಕ ತಿಳಿದಿರಬೇಕು. ಒಂದು ವರ್ಷದ ಬಹುಪ್ರವೇಶ ವೀಸಾ ಸಿಕ್ಕಿತೆಂದರೆ ವರ್ಷವಿಡೀ ಇರಬಹುದೆಂದಲ್ಲ. ಯಾವುದೇ 180 ದಿನಗಳಲ್ಲಿ 90 ದಿನವಷ್ಟೇ, ಅದೂ 29 ದೇಶಗಳೂ ಸೇರಿ. ಜೂನ್ 1ಕ್ಕೆ ಹೋದವರಿಗೆ ಆಗಸ್ಟ್ 29 ತೊಂಬತ್ತನೆಯ ದಿನ, ಅಂದೇ ಹೊರಡಬೇಕು. ಮೂರು ತಿಂಗಳು ಎಂದುಕೊಂಡು ಆಗಸ್ಟ್ 31ಕ್ಕೆ ಟಿಕೆಟ್ ಮಾಡಿಸಿದರೆ ಎರಡು ದಿನ ಹೆಚ್ಚಾಯಿತು. ಆಗಸ್ಟ್ 29ಕ್ಕೆ ಹೊರಟವರು ಮತ್ತೆ ಒಳಗೆ ಹೋಗಬಹುದಾದದ್ದು ನವೆಂಬರ್ 28ರಿಂದ. ನಡುವೆ ಊರಿಗೆ ಬಂದು ಹೋದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎನ್ನುವುದು ತಪ್ಪು ಕಲ್ಪನೆ. ಅಲ್ಲಿರುವ ಪ್ರತಿ ದಿನಕ್ಕೂ ಅಂದಿನಿಂದ ಹಿಂದಕ್ಕೆ 180 ದಿನ ಎಣಿಸಿ, ಅದರಲ್ಲಿ ಅಲ್ಲಿದ್ದ ದಿನಗಳು 90 ಮೀರಿವೆಯೇ ಎಂದು ನೋಡುತ್ತಾರೆ.

ಮೊದಲು ಗಡಿಯ ಅಧಿಕಾರಿ ಪಾಸ್‌ಪೋರ್ಟ್‌ನ ಮುದ್ರೆಗಳನ್ನು ತಿರುವಿಹಾಕಿ ಈ ದಿನಗಳನ್ನು ಎಣಿಸಬೇಕಿತ್ತು, ಒಂದೆರಡು ದಿನ ಕಣ್ತಪ್ಪುತ್ತಿದ್ದುದೂ ಉಂಟು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಇಇಎಸ್ ಎಂಬ ಪ್ರವೇಶ–ನಿರ್ಗಮನ ವ್ಯವಸ್ಥೆಯಲ್ಲಿ ಕಂಪ್ಯೂಟರೇ ಎಣಿಸುತ್ತದೆ. ಮುದ್ರೆಯ ಬದಲು ಮುಖದ ಚಿತ್ರ ತೆಗೆದು ದಾಖಲೆ ತೆರೆಯುತ್ತಾರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಜ್ಯೂರಿಚ್‌ಗೆ ಹೋಗುವವರಿಗೆ ಈ ತಪಾಸಣೆ ನಡೆಯುವುದು ಜ್ಯೂರಿಚ್‌ನಲ್ಲಲ್ಲ, ಫ್ರಾಂಕ್‌ಫರ್ಟ್‌ನಲ್ಲೇ. ಅದಕ್ಕೆ ಸಮಯ ಹಿಡಿಯುವುದರಿಂದ ಒಂದು ಗಂಟೆಯ ಅಂತರದ ವಿಮಾನ ಬದಲಾವಣೆಯನ್ನು ದಯವಿಟ್ಟು ಆರಿಸಿಕೊಳ್ಳಬೇಡಿ. ಅಂದ ಹಾಗೆ, ಇಟಿಯಾಸ್ ಎಂಬ ಪರವಾನಗಿ ವೀಸಾ ಬೇಡದ ದೇಶಗಳವರಿಗೆ. ಭಾರತದ ಪಾಸ್‌ಪೋರ್ಟ್‌ನವರಿಂದ ಅದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ಅರ್ಜಿಯ ವಿಚಾರ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಫ್ರಾನ್ಸ್ 3, ಸ್ವಿಟ್ಜರ್‌ಲೆಂಡ್ 4, ಇಟಲಿ 3 ದಿನ ಎಂದಾದರೆ ಸ್ವಿಟ್ಜರ್‌ಲೆಂಡಿಗೆ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಬೆಂಗಳೂರಿನಲ್ಲಿ ಸ್ವಿಸ್ ವೀಸಾಕ್ಕೆ ಸ್ಲಾಟ್ (ಅರ್ಜಿ ಸಲ್ಲಿಸಲು ಕಾಯ್ದಿರಿಸುವ ದಿನ, ವೇಳೆ) ಸಿಗಲಿಲ್ಲವೆಂದು ಸ್ಲಾಟ್ ಖಾಲಿಯಿರುವ ಇನ್ನೊಂದು ದೇಶದ ಹೆಸರಿನಲ್ಲಿ ಸುಳ್ಳು ಪ್ರಯಾಣಪಟ್ಟಿ ತಯಾರಿಸಿ, ಹೋಟೆಲ್ ಬುಕ್ ಮಾಡಿ, ವೀಸಾ ಬಂದ ಮೇಲೆ ರದ್ದು ಮಾಡುವ ಚಾಳಿ ಹೆಚ್ಚಿದೆ. ದೂತಾವಾಸಗಳು ಹೋಟೆಲ್‌ಗೆ ವಿಚಾರಿಸುವುದುಂಟು, ಕೊಟ್ಟ ವೀಸಾ ಹಿಂಪಡೆಯುವ ಅಧಿಕಾರವೂ ಅವಕ್ಕಿದೆ. ಇದರ ಬದಲು ಬೇಗ ಅರ್ಜಿ ಹಾಕುವುದೇ ಮೇಲು: ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ತಡವೆಂದರೂ ಪ್ರಯಾಣಕ್ಕೆ 15 ದಿನ ಮೊದಲು ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಕ್ಕೂ ಹೋಗುತ್ತದೆ. ಶುಲ್ಕ 2024ರ ಜೂನ್‌ನಿಂದ 90 ಯುರೋ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವೀಸಾ ಸಿಗದಿದ್ದರೂ ಹಣ ವಾಪಸ್ಸಿಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಅಲ್ಲಿನ ಪ್ರೀಮಿಯಂ ಲೌಂಜ್‌ನಲ್ಲಿ ಕಾಫಿ ಸಿಗಬಹುದು, ಅರ್ಜಿಗೆ ಬಲ ಬರುವುದಿಲ್ಲ. ತೀರ್ಮಾನ ದೂತಾವಾಸದ್ದೇ.

ಬ್ಯಾಂಕ್ ಸ್ಟೇಟ್‌ಮೆಂಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ತಿಂಗಳದ್ದು, ಕೆಲವು ದೇಶಗಳು ಆರು ತಿಂಗಳದ್ದು ಕೇಳುತ್ತವೆ. ಅಧಿಕಾರಿ ನೋಡುವುದು ಕೊನೆಯ ಮೊತ್ತವನ್ನಷ್ಟೇ ಅಲ್ಲ, ಆ ಹಣ ಎಲ್ಲಿಂದ ಬಂತೆಂಬುದನ್ನು. ತಿಂಗಳಿಗೆ 40 ಸಾವಿರ ಬರುವ ಖಾತೆಗೆ ಅರ್ಜಿಯ ಹಿಂದಿನ ವಾರ ಭಾವಮೈದುನನಿಂದ 5 ಲಕ್ಷ ಹಾಕಿಸಿಕೊಂಡರೆ ಅದು ಸಾಲದ ಹಣವೆಂದು ಯಾರಿಗಾದರೂ ಗೊತ್ತಾಗುತ್ತದೆ. ಎಫ್‌ಡಿ ಮುರಿದಿದ್ದರೆ, ಜಾಗ ಮಾರಿದ್ದರೆ ಅದರ ಕಾಗದ ಜತೆಗಿಡಿ. ಸಂಬಳದವರಿಗೆ ಪೇ ಸ್ಲಿಪ್, ಆದಾಯ ತೆರಿಗೆ ರಿಟರ್ನ್, ರಜೆ ಮಂಜೂರಾದ ಪತ್ರ ಸಾಕು. ಕಷ್ಟವಿರುವುದು ನಮ್ಮ ಅಡಿಕೆ, ಕಾಫಿ ಬೆಳೆಗಾರರಿಗೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ ಸಲ್ಲಿಸಿರುವುದಿಲ್ಲ. ಹಣ ವರ್ಷದಲ್ಲಿ ಒಂದೆರಡು ಸಲ ದೊಡ್ಡ ಮೊತ್ತವಾಗಿ ಖಾತೆಗೆ ಬೀಳುತ್ತದೆ. ನೋಡುವವರಿಗೆ ಅದೂ ಭಾವಮೈದುನನ 5 ಲಕ್ಷದಂತೆಯೇ ಕಾಣುತ್ತದೆ. ಅಂಥವರು ಒಂದು ವರ್ಷದ ಸ್ಟೇಟ್‌ಮೆಂಟ್, ಆ ಜಮೆಗೆ ಹೊಂದುವ ಮಂಡಿ ಅಥವಾ ಸೊಸೈಟಿಯ ಬಿಲ್ಲು, ಪಹಣಿ ಕೊಡಬೇಕು. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಲಗತ್ತಿಸಿ. ಕೃಷಿಗೆ ಸಂಬಂಧಿಸಿದ ಯಾವ ಜಮೆ ಯಾವ ಬಿಲ್ಲಿನದ್ದೆಂದು ಒಂದು ಪುಟದ ಪತ್ರ ಬರೆದರೆ ಇನ್ನೂ ಒಳ್ಳೆಯದು.

ಮಗ, ಮಗಳೇ ಖರ್ಚು ನೋಡಿಕೊಳ್ಳುವುದಾದರೆ ಬರಿಯ ಆಹ್ವಾನ ಪತ್ರ ಸಾಲದು. ಜರ್ಮನಿಯಲ್ಲಿ ಅವರು ತಮ್ಮ ಊರಿನ ವಿದೇಶಿಯರ ಕಚೇರಿಗೆ ಹೋಗಿ ಖರ್ಚಿನ ಹೊಣೆ ಹೊರುವ ಅಧಿಕೃತ ಪತ್ರ ಮಾಡಿಸಬೇಕು. ಅದರ ಮೂಲಪ್ರತಿ ಇಲ್ಲಿಗೆ ಬರಬೇಕು. ಅಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ವಾರಗಟ್ಟಲೆ ಹಿಡಿಯುವುದುಂಟು. ಫ್ರಾನ್ಸ್‌ನಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವ ಪತ್ರವನ್ನು ನಗರಸಭೆಯಿಂದ ಪಡೆಯಬೇಕು.

ವಿಮೆ ಕನಿಷ್ಠ 30,000 ಯುರೋದ್ದು, ಇಡೀ ಷೆಂಗೆನ್‌ಗೆ ಅನ್ವಯಿಸುವಂಥದ್ದು, ಅಲ್ಲಿರುವ ಅಷ್ಟೂ ದಿನಗಳದ್ದು ಆಗಿರಬೇಕು. ಬಿಪಿ, ಶುಗರ್ ಇರುವ ಹಿರಿಯರು ಮಾತ್ರ ವೀಸಾಕ್ಕೆ ಸಾಕಾಯಿತೆಂದು ಸುಮ್ಮನಾಗಬಾರದು. ಮೊದಲೇ ಇದ್ದ ಕಾಯಿಲೆಯನ್ನು ಅನೇಕ ಅಗ್ಗದ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಪಾಸ್‌ಪೋರ್ಟ್ ವಾಪಸಾಗುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ತಿರಸ್ಕಾರವಾದರೆ ಕಾರಣಗಳಿಗೆ ಟಿಕ್ ಹಾಕಿದ ಹಾಳೆ ಕೊಡುತ್ತಾರೆ. ಅದನ್ನು ಓದದೆ ಮರುದಿನವೇ ಅದೇ ಕಾಗದಗಳೊಂದಿಗೆ ಇನ್ನೊಂದು ದೇಶಕ್ಕೆ ಅರ್ಜಿ ಹಾಕುವುದು ವ್ಯರ್ಥ. ಆ ದಾಖಲೆ ಐದು ವರ್ಷ ಷೆಂಗೆನ್ ದೇಶಗಳೆಲ್ಲಕ್ಕೂ ಕಾಣುತ್ತದೆ. ಮೇಲ್ಮನವಿ ಆಯಾ ದೇಶದ ಕಾನೂನಿನಂತೆ. ಜರ್ಮನಿಯಂತೂ 2025ರ ಜುಲೈನಿಂದ ದೂತಾವಾಸಕ್ಕೇ ಮರುಪರಿಶೀಲನೆ ಕೋರುವ ದಾರಿ ಮುಚ್ಚಿದೆ. ಈಗ ಉಳಿದಿರುವುದು ಹೊಸ ಅರ್ಜಿ ಅಥವಾ ನ್ಯಾಯಾಲಯ. ಇದಕ್ಕೆ ವಿರುದ್ಧವಾಗಿ, ನಿಯಮದಂತೆ ಹೋಗಿಬಂದವರಿಗೆ ಅನುಕೂಲವೂ ಆಗಿದೆ: 2024ರ ಏಪ್ರಿಲ್‌ನಲ್ಲಿ ಬಂದ ವ್ಯವಸ್ಥೆಯಂತೆ, ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರು ಎರಡು ವರ್ಷದ ಬಹುಪ್ರವೇಶ ವೀಸಾಕ್ಕೆ ಅರ್ಹರು, ಆಮೇಲೆ ಸಾಮಾನ್ಯವಾಗಿ ಐದು ವರ್ಷದ್ದು.

ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕೆಂದಿಲ್ಲ. ಎಲ್ಲಿ ಉಳಿಯುತ್ತೀರಿ, ವಾಪಸ್ ಟಿಕೆಟ್ ಎಲ್ಲಿ, ಹಣವೆಷ್ಟು ಎಂದು ಗಡಿಯಲ್ಲಿ ಕೇಳಬಹುದು. ಆ ಕಾಗದಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಲ್ಲ. ತುಪ್ಪ, ಧಾರವಾಡ ಪೇಡೆ ಒಯ್ಯಬೇಡಿ; ಹಾಲಿನ ಉತ್ಪನ್ನಕ್ಕೆ ನಿಷೇಧವಿದೆ. ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿಗೆ ಬೇಡ!

ಕೊನೆಯದಾಗಿ ಪ್ಯಾಕೇಜ್ ಮಾರುವವರಲ್ಲಿ ಒಂದು ಮನವಿ. ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕುತ್ತೀರಿ, ಎಷ್ಟು ಪ್ರವೇಶ ಕೋರಿದ್ದೀರಿ ಎಂಬುದನ್ನು ಹಣ ಪಡೆಯುವ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಸಲ್ಲಿಸಿದ ಇಡೀ ಕಡತದ ಒಂದು ಪ್ರತಿಯನ್ನು ಗ್ರಾಹಕರಿಗೆ ಕೊಡಿ. ಫಾರ್ಮ್ ತುಂಬುವವರು ನೀವಾದರೂ ಕೆಳಗಿನ ಸಹಿ ಅವರದ್ದು. ಅದರಲ್ಲಿ ತಪ್ಪು ಮಾಹಿತಿ ಇದ್ದರೆ ಉತ್ತರ ಕೊಡಬೇಕಾದವರೂ ಅವರೇ.

– ಪ್ರವಾಸ ದಾಖಲೆ ಸಲಹೆಗಾರ, ಶಿವಮೊಗ್ಗ