ಕೋಶಕ್ಕಿಂತ ಮೊದಲು ಅದರ ನೆಲೆ

ಶಿರಸಿ

ಚಿ. ಮೇಧಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಕಾರವಾರದಲ್ಲಿ ಪೆಥಾಲಜಿ ಸೇರಿದ ಸುದ್ದಿ ನಿನ್ನ ಅಪ್ಪ ಹೇಳಿದ. ಸಂತೋಷ. ಇನ್ನು ಅಸ್ಥಿಮಜ್ಜೆಯ ಸ್ಲೈಡು ನಿನ್ನ ಮೇಜಿಗೆ ಬರುತ್ತದೆ. ಎಲ್ಲರೂ ಕೋಶ ಎಣಿಸುವುದರಲ್ಲೇ ಮುಳುಗುತ್ತಾರೆ. ನೀನು ಅವು ಕೂತ ಜಾಗವನ್ನೂ ನೋಡು.

ರಕ್ತ ಹುಟ್ಟಿಸುವ ಕಾಂಡಕೋಶವನ್ನು ಅದರ ನೆಲೆಯೇ ಹಿಡಿದಿಡುತ್ತದೆ ಎಂದು ವಿಜ್ಞಾನಿ ಸ್ಕೋಫೀಲ್ಡ್ 1978ರಲ್ಲೇ ಊಹಿಸಿದ್ದರು. ಎಲುಬಿನ ಒಳಮೈಯಲ್ಲಿ ಎಲುಬು ಕಟ್ಟುವ ಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳೇ ಆ ನೆಲೆ ಎಂದು ಹಳೆಯ ನೋಟ್ಸಿನಲ್ಲಿ ಇರಬಹುದು. ಆ ವಾದ ಈಗ ಸಡಿಲಾಗಿದೆ. ಇಲಿಗಳಲ್ಲಿ ಕಂಡ ಹಾಗೆ ಕಾಂಡಕೋಶಗಳು ಹೆಚ್ಚಾಗಿ ಸೈನುಸಾಯ್ಡ್ ಎಂಬ ತೆಳುಗೋಡೆಯ ರಕ್ತನಾಳಗಳ ಮಗ್ಗುಲಲ್ಲೇ ಇರುತ್ತವೆ. ನಾಳದ ಒಳಪದರವೂ ಅದಕ್ಕೆ ಅಂಟಿದ ಸ್ಟ್ರೋಮಾ ಎಂಬ ಆಧಾರ ಕೋಶಗಳೂ ಪೋಷಕ ಪ್ರೋಟೀನಾದ ಎಸ್‌ಸಿಎಫ್ ಸ್ರವಿಸಿ ಅವನ್ನು ಉಳಿಸುತ್ತವೆ. ಸಿಎಕ್ಸ್‌ಸಿಎಲ್-12 ಎಂಬ ಸಂಕೇತ ಪ್ರೋಟೀನು ಕಾಂಡಕೋಶದ ಮೈಮೇಲಿನ ಗ್ರಾಹಕ ಸಿಎಕ್ಸ್‌ಸಿಆರ್-4ಕ್ಕೆ ಕೂತು ಅವು ಮಜ್ಜೆ ಬಿಟ್ಟು ಹೋಗದಂತೆ ತಡೆಯುತ್ತದೆ.

ಮಜ್ಜೆ ಕಸಿ ಮಾಡುವವರ ಕೆಲಸವೆಲ್ಲ ಈ ಹಿಡಿತದ ಮೇಲೇ ನಿಂತಿದೆ. ದಾನಿಗೆ ಬಿಳಿಕಣ ಹೆಚ್ಚಿಸುವ ಔಷಧಿ ಜಿ-ಸಿಎಸ್‌ಎಫ್ ಅನ್ನು ಕಿಲೋ ತೂಕಕ್ಕೆ ದಿನಕ್ಕೆ 10 ಮೈಕ್ರೋಗ್ರಾಂನಂತೆ ನಾಲ್ಕೈದು ದಿನ ಕೊಟ್ಟರೆ ಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್-12 ಇಳಿದು, ಕಾಂಡಕೋಶಗಳು ರಕ್ತಕ್ಕೆ ಬರುತ್ತವೆ. ಪಡೆಯುವವರ ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ-34 ಕೋಶ (ಮೈಮೇಲೆ ಆ ಗುರುತಿರುವ ಕಾಂಡಕೋಶ) ಬೇಕು. ರೋಗಿಯ ಸ್ವಂತ ಕೋಶ ತೆಗೆಯುವಾಗ ಅಷ್ಟು ಸಿಗದಿದ್ದರೆ ಪ್ಲೆರಿಕ್ಸಾಫೋರ್ ಎಂಬ ಔಷಧಿ ಕೊಟ್ಟು ಸಿಎಕ್ಸ್‌ಸಿಆರ್-4 ಅನ್ನೇ ಮುಚ್ಚುತ್ತಾರೆ.

ಇನ್ನು ನಿನ್ನ ಮೇಜಿಗೆ ಬರೋಣ. ಸ್ಲೈಡಿನ ಮೇಲೆ ಸವರುವ ಸ್ಮಿಯರಿಗೆ ಸಿರಿಂಜಿನ ಮೊದಲ ಎಳೆತದ ಅರ್ಧ ಮಿ.ಲೀ. ಒಳಗೇ ಸಾಕು, ಮತ್ತೂ ಎಳೆದರೆ ಸೈನುಸಾಯ್ಡಿನ ರಕ್ತ ನುಗ್ಗಿ ಮಜ್ಜೆ ತೆಳುವಾಗುತ್ತದೆ. ಹೀಗೆ ಎಳೆದ ದ್ರವ, ಅಂದರೆ ಆಸ್ಪಿರೇಟ್ ಒಂದನ್ನೇ ನೋಡಿ ಮಜ್ಜೆಯ ರಚನೆ ಹೇಳುವುದೆಂದರೆ ಕೊಯ್ದ ಅಡಿಕೆ ರಾಶಿ ನೋಡಿ ತೋಟದ ನಕ್ಷೆ ಹೇಳಿದ ಹಾಗೆ. ಅದಕ್ಕೆ ಬಯಾಪ್ಸಿಯೇ ಬೇಕು, ಅಂದರೆ ಎಲುಬಿನೊಂದಿಗೆ ಕೊರೆದು ತೆಗೆದ ತುಂಡು, ಸುಮಾರು 2 ಸೆಂ.ಮೀ. ಉದ್ದದ್ದು. ಆಸ್ಪಿರೇಟ್ ತೆಗೆದ ತೂತಿನಿಂದಲೇ ತೆಗೆದರೆ ಒಳಗೆಲ್ಲ ರಕ್ತ ತುಂಬಿರುತ್ತದೆ, ಸೂಜಿ ಸ್ವಲ್ಪ ಸರಿಸಲು ಹೇಳು. ತುಂಡು ಗಿಡ್ಡವಾಗಿ ಎಲುಬಿನ ಹೊರಚಿಪ್ಪಿನ ಕೆಳಗಿನ ಭಾಗವಷ್ಟೇ ಬಂದರೆ, ವಯಸ್ಸಾದವರಲ್ಲಿ ಅಲ್ಲಿ ಸಹಜವಾಗಿಯೇ ಕೋಶ ಕಡಿಮೆ. ಅದನ್ನು ಅಪ್ಲಾಸ್ಟಿಕ್, ಅಂದರೆ ಮಜ್ಜೆ ಬರಿದಾಗಿದೆ, ಎಂದು ಬರೆದುಬಿಡಬೇಡ. ತುಂಡಿನ ಎಲುಬಿನ ಸುಣ್ಣ ಕರಗಿಸಲು ಇಡಿಟಿಎ ದ್ರಾವಣ ಬಳಸು. ನಿಧಾನ ನಿಜ, ಆದರೆ ಬಲವಾದ ಆಮ್ಲ ಹಾಕಿದರೆ ಆಮೇಲೆ ಡಿಎನ್‌ಎ ಪರೀಕ್ಷೆಗೆ ಏನೂ ಉಳಿಯುವುದಿಲ್ಲ.

ಸಿರಿಂಜಿಗೆ ಏನೂ ಬರದಿದ್ದರೆ ಸೂಜಿ ಹಾಕಿದವರ ಕೈಯನ್ನು ದೂರುವ ಮೊದಲು ಬಯಾಪ್ಸಿಗೆ ನಾರು ತೋರಿಸುವ ರೆಟಿಕುಲಿನ್ ಸ್ಟೇನ್ ಮಾಡಿಸು. ಮಜ್ಜೆ ನಾರಾಗುವ ಮೈಲೋಫೈಬ್ರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ಮೆಗಾಕ್ಯಾರಿಯೋಸೈಟ್‌ಗಳು ಬಿಡುವ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನಿಂದ ನಾರು ಬೆಳೆದು ನೆಲೆಯೇ ಕೆಡುತ್ತದೆ. ಕಾಂಡಕೋಶಗಳು ಗುಲ್ಮಕ್ಕೆ ವಲಸೆ ಹೋಗುತ್ತವೆ, ಗುಲ್ಮ ಊದುತ್ತದೆ, ರಕ್ತದಲ್ಲಿ ಕಣ್ಣೀರ ಹನಿಯ ಆಕಾರದ ಕೆಂಪುಕಣ ಕಾಣುತ್ತದೆ.

ಹಾಗೆಂದು ರಕ್ತಕಣಗಳ ಕೌಂಟ್ ಇಳಿದವರಿಗೆಲ್ಲ ಸೂಜಿ ಹಾಕಿಸಬೇಡ. ನಮ್ಮ ಕಡೆ ಸಸ್ಯಾಹಾರಿಗಳು ಬಹಳ, ಬಿ-12 ಕೊರತೆ ಇದೆಯೇ ಎಂದು ಮೊದಲು ನೋಡು. ಸಿದ್ದಾಪುರದ ಕಾಡಂಚಿನಿಂದ ಜ್ವರ ಹೊತ್ತು ಬಂದವರಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದರೆ ಮಂಗನ ಕಾಯಿಲೆಯ ಪರೀಕ್ಷೆಗೆ ಕಳಿಸು.

ಇತಿ,
ನಿನ್ನ ಅತ್ತೆ